ಗುರುಗ್ರಹದ ದಾರಿಯಲ್ಲಿ

"ಆ ಹುಡಿಗೀನ್ನ ಗೆರಿಯಿಂದ ತಗೀರಿ ಮೊದ್ಲ!"

ಸುಧೀರರಾಯರ ದನಿಗೆ ಮೈಕು ಬೇಕಿರಲಿಲ್ಲ. ಶಾಲೆಯ ಮೈದಾನ ದಾಟಿ ಹೂವಿನ ಹಿಪ್ಪರಗಿ ರಸ್ತೆಯವರೆಗೂ ಕೇಳಿಸಿತು. ವಿಜ್ಞಾನ ದಿನದ ಮುಖ್ಯ ಅತಿಥಿ ಅವರು. ಸುಣ್ಣದ ಪುಡಿಯಲ್ಲಿ ಬರೆದ ದೊಡ್ಡ ವೃತ್ತದ ಮೇಲೆ ಅವರ ಮಗಳು ವಸುಧಾ ಕೇಸರಿ ರೇಷ್ಮೆ ಲಂಗ ಉಟ್ಟು ಗುರುಗ್ರಹವಾಗಿ ನಿಂತಿದ್ದಳು. ಅದೇ ಗೆರೆಯ ಮೇಲೆ, ಅವಳಿಗಿಂತ ಮುಂದೆ, ಎದೆಗೆ 'ಕ್ಷುದ್ರಗ್ರಹ' ಎಂಬ ರಟ್ಟು ಕಟ್ಟಿಕೊಂಡು ನಿಂತವಳು ಭಾಗ್ಯಾ. ಕುರಿ ಕಾಯುವ ಸೋಮನಿಂಗನ ಮಗಳು, ಎಂಟನೇ ಇಯತ್ತೆ.

ವಿಜ್ಞಾನದ ಮಾಲಾ ಟೀಚರ್ ಓಡಿ ಬಂದರು. "ರಾಯರ, ಅದು ಇರೂದ ಹಂಗ್ರಿ. ಗುರುಗ್ರಹದ ದಾರ್ಯಾಗ ಸಣ್ಣ ಸಣ್ಣ ಕ್ಷುದ್ರಗ್ರಹಾನೂ ಅದಾವ್ರಿ. ಅದರ ಕೂಡನ ಸೂರ್ಯಾನ್ನ ಸುತ್ತತಾವ."

"ಇರವಲ್ಲವ್ಯಾಕ. ಇಕಿಗೆ ಬ್ಯಾರೆ ಸಣ್ಣ ಗೆರಿ ಹಾಕ್ರಿ. ನನ್ನ ಮಗಳ ಮುಂದ ಕುರಿಯವ್ರ ಹುಡಿಗಿ ಹೋಗೂದು ಚಂದ ಕಾಣ್ತೈತೇನು?"

ಮಾಲಾ ಟೀಚರ್ ತಲೆ ತಗ್ಗಿಸಿದರು. ಮೈದಾನಕ್ಕೆ ಜಾಗ ಕೊಟ್ಟವರೇ ರಾಯರು. ಕೆನಾಲಿಗೆ ಕುರಿ ಹೋಗುವ ಬಂಡಿದಾರಿಗೆ ಹೋದ ತಿಂಗಳು ತಂತಿಬೇಲಿ ಹಾಕಿಸಿದವರೂ ಅವರೇ. ಅಂದು ಭಾಗ್ಯಾಳ ಅಪ್ಪ ಹಿಂಡು ತಿರುಗಿಸಿದ್ದ, ಎರಡು ಮೈಲು ಬಳಸಿ ಹೋಗಿದ್ದ. ಅದು ನೆನಪಾಗಿ ಭಾಗ್ಯಾಳಿಗೆ ಮೈಯೆಲ್ಲ ಉರಿಯಿತು. ಇವತ್ತು ಈ ಗೆರೆಯನ್ನೂ ಬಿಟ್ಟರೆ ನಾಳೆ ಕಾಲಿಡಲು ನೆಲ ಎಲ್ಲಿ ಉಳಿದೀತು?

ಅವಳು ಸೀದಾ ವೃತ್ತದ ನಡುವೆ ಹೋದಳು. ಅಲ್ಲಿ ಸೂರ್ಯನೆಂದು ನೆಟ್ಟ ಗೂಟ, ಅದಕ್ಕೆ ಕಟ್ಟಿದ ಹಗ್ಗ, ಎರಡೂ ಅವಳ ಮನೆಯವೇ; ರಾತ್ರಿ ಕುರಿದಡ್ಡಿಯ ಬಲೆ ಬಿಗಿಯುವಂಥವು. ಬೆಳಿಗ್ಗೆ ವೃತ್ತ ಎಳೆದದ್ದೂ ಅದರಿಂದಲೇ. ಹಗ್ಗದ ತುದಿ ಹಿಡಿದು ವಸುಧಾಳ ಕಾಲಬುಡಕ್ಕೆ ಎಳೆದಳು. ಬಿಗಿಯಾಗಿ, ಸರಿಯಾಗಿ ಬಂತು. ತಾನು ನಿಂತಿದ್ದ ಜಾಗಕ್ಕೆ ಎಳೆದಳು. ಅಲ್ಲೂ ಸರಿ ಬಂತು. ಆಮೇಲೆ ಗೂಟದಿಂದ ಹಗ್ಗ ಬಿಚ್ಚಿ, ಒಂದು ತುದಿಯನ್ನು ವಸುಧಾಳ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ತನ್ನ ಜಾಗಕ್ಕೆ ನಡೆದಳು. ಒಂದು ಗೇಣೂ ವ್ಯತ್ಯಾಸವಿರಲಿಲ್ಲ.

"ಸೂರ್ಯಾನಿಂದ ಇಕಿ ಎಷ್ಟ ದೂರೋ ನಾನೂ ಅಷ್ಟ ದೂರ ಅದೀನ್ರಿ. ಇಕಿಗೂ ನನಗೂ ಅಷ್ಟ ದೂರ ಐತ್ರಿ. ಎಲ್ಲಿ ಹೆಚ್ಚಾತು, ಎಲ್ಲಿ ಕಡಿಮಿ ಆತು, ನೀವ ಅಳದು ಹೇಳ್ರಿ."

ಅಳೆಯಲು ಯಾರೂ ಬರಲಿಲ್ಲ. ರಾಯರ ಮುಖ ಕೆಂಪಗಾಯಿತು. ಮಾಲಾ ಟೀಚರ್ ಮಾತ್ರ ತಲೆ ಎತ್ತಿದರು. ತಾಲೀಮಿನಲ್ಲಿ ಅವರು ಕ್ಷುದ್ರಗ್ರಹಕ್ಕೂ ಗುರುಗ್ರಹಕ್ಕೂ ಹೇಳಿಕೊಟ್ಟದ್ದು ಎರಡೇ ಮಾತು: ಅಂತರ ತಪ್ಪಬೇಡಿ, ನಡಿಗೆ ನಿಲ್ಲಿಸಬೇಡಿ.

"ವಸುಧಾ, ನಡೀ," ಎಂದಳು ಭಾಗ್ಯಾ. ಹಗ್ಗ ಕೆಳಗಿಟ್ಟು ಹೆಜ್ಜೆ ಹಾಕಿದಳು.

ವಸುಧಾ ಒಮ್ಮೆ ಅಪ್ಪನ ಮುಖ ನೋಡಿದಳು, ಒಮ್ಮೆ ಗೆರೆ ನೋಡಿದಳು. ಲಂಗ ಎತ್ತಿ ಹಿಡಿದು ಅವಳೂ ನಡೆಯತೊಡಗಿದಳು.

"ಏ, ನಿಲ್ರಿ! ಇಬ್ರೂ ನಿಲ್ರಿ ಅಂದೆ!" ರಾಯರು ಕುರ್ಚಿಯಿಂದ ಎದ್ದೇಬಿಟ್ಟರು.

ಭಾಗ್ಯಾ ಹಿಂತಿರುಗಿ ನೋಡಲಿಲ್ಲ.

"ನಿಂತ್ರ ಇಬ್ರೂ ಸೂರ್ಯಾನ ಬೆಂಕ್ಯಾಗ ಬೀಳ್ತೇವ್ರಿ, ರಾಯರ."