ಎಂಟನೆಯ ಸರದಾರ

ಭಾನುವಾರ ಮಧ್ಯಾಹ್ನ 3.30. ಗುರಣ್ಣ ಸರದಾರನಾಗಲು ಇನ್ನೂ ಒಂದೂವರೆ ಗಂಟೆ ಇತ್ತು. ಅವನು ಇಬ್ರಾಹಿಂಪುರದಲ್ಲಿ ಪೀರಸಾಬನ ಟೇಲರ್ ಅಂಗಡಿಯ ಎದುರು ಬೈಕ್ ನಿಲ್ಲಿಸಿ, ಒಳಗೆ ಹೋಗಲು ಧೈರ್ಯ ಸಾಲದೆ ನಿಂತಿದ್ದ.

ಪದವಿ ಕೊಡುತ್ತಿದ್ದುದು ಧ್ರುವ ಸಂಸ್ಥಾನ. ಅದು ಭೂಮಿಯ ಮೇಲಿಲ್ಲ; ಮೊಬೈಲ್, ಟ್ಯಾಬ್‌ಗಳಲ್ಲಿ ಆಡುವ ಬಾಹ್ಯಾಕಾಶದ ಆಟವೊಂದರಲ್ಲಿದೆ. ಹನ್ನೊಂದು ವರ್ಷಗಳಲ್ಲಿ ಅಲ್ಲಿ ಸರದಾರರಾದವರು ಏಳೇ ಜನ. ಪದವಿ ಪಡೆಯುವವನು ಕ್ಯಾಮೆರಾ ಮುಂದೆ ಮೊಣಕಾಲೂರಿ, ‘ಇದು ನನ್ನ ಕೈಯಿಂದಾದ ಕೆಲಸ’ ಎಂದು ಆಣೆ ಮಾಡಬೇಕು. ಆಣೆ ಸುಳ್ಳಾದರೆ ಖಾತೆ ಶಾಶ್ವತವಾಗಿ ಮುಚ್ಚುತ್ತದೆ.

ಗುರಣ್ಣನ ಸಾಹಸ ಹಿಂದಿನ ಮಂಗಳವಾರದ್ದು. ಸಂಸ್ಥಾನದ ಒಂದು ಗ್ರಹ ಶತ್ರುವಿನ ವಶವಾಗುತ್ತಿತ್ತು. ಜನರನ್ನು ಹೊತ್ತ ಹಡಗುಗಳು ಪಾರಾಗಲು ಒಂದೇ ಬಾಗಿಲು. ಅದನ್ನು ಕಾಯುವ ಸರದಿ ಗುರಣ್ಣನ ಹಡಗಿನದು. ಪರದೆಯ ಮೇಲೆ ಎಲ್ಲವೂ ಬೆಳಕಿನ ಚುಕ್ಕೆಗಳು. ಬೆರಳಿಟ್ಟು ದಾರಿ ತೋರಿಸಿದರೆ ಹಿಂದೆ ಬರುತ್ತವೆ. ಸನ್ಮಾನ ಪತ್ರದಲ್ಲಿ ಹೀಗಿತ್ತು: ‘ಬಾಗಿಲಿಗೆ ಅಡ್ಡ ನಿಲ್ಲದೆ ಪಕ್ಕಕ್ಕೆ ನಿಂತ. ಚಿಕ್ಕ ಹಡಗುಗಳನ್ನು ಮೊದಲು ಬಿಟ್ಟ. ನೂಕುನುಗ್ಗಲು ತಡೆದು ಎರಡೆರಡಾಗಿ ಬಿಟ್ಟ. ನಲವತ್ತು ನಿಮಿಷಗಳಲ್ಲಿ 212 ಹಡಗುಗಳು ದಾಟಿದವು. ಕೊನೆಯದನ್ನು ಕರೆತರಲು ಮರಳಿ ಹೋಗಿ ತನ್ನ ಹಡಗನ್ನೇ ಕಳೆದುಕೊಂಡ. ಇಂಥ ಕ್ರಮ ನಮ್ಮ ಯಾವ ಸೇನಾನಿಗೂ ತಿಳಿದಿರಲಿಲ್ಲ.’

ಆ ನಲವತ್ತು ನಿಮಿಷ ಗುರಣ್ಣ ಅಥಣಿ ರಸ್ತೆಯ ಚಹಾ ಅಂಗಡಿಯಲ್ಲಿದ್ದ.

ಶತ್ರು ಕಾಣಿಸಿದ ಕೂಡಲೇ ಅವನು, ಆರು ವರ್ಷ ಕಟ್ಟಿದ ಹಡಗು ಸುಡುವುದನ್ನು ನೋಡಲಾರದೆ ಟ್ಯಾಬನ್ನು ಮಂಚದ ಮೇಲೆ ಎಸೆದು ಹೊರಬಿದ್ದಿದ್ದ. ಹಿಂತಿರುಗಿದಾಗ ಪರದೆಯ ತುಂಬ ಅಭಿನಂದನೆ. ನಾಚಿಕೆಯನ್ನು ಅವನು ತಾಯಿಯ ಮೇಲೆ ತೀರಿಸಿಕೊಂಡ. ಸಾವಂತ್ರವ್ವ ಮೊಣಕಾಲು ನೋವು ತೋರಿಸಲು ತನ್ನ ಹಳ್ಳಿ ಬಿಜ್ಜರಗಿಯಿಂದ ಅವನ ಮನೆಗೆ ಬಂದಿದ್ದಳು. ಅವನು ತಾನು ಕೆಲಸ ಮಾಡುವ ಕೋಲ್ಡ್ ಸ್ಟೋರೇಜಿನಿಂದ ತಂದಿಟ್ಟಿದ್ದ ಒಣದ್ರಾಕ್ಷಿಯಲ್ಲಿ ಹತ್ತು ಕಾಳು ಕಿಟಕಿಯ ಕಟ್ಟೆಯ ಮೇಲೆ ಬಿದ್ದಿದ್ದವು.

“ಇರಿವಿ ಬರತಾವ ಬೇ. ಇದೇನು ಹೊಲ ಅಂತ ತಿಳದೀಯೇನು?” ಎಂದು ಗದರಿ ಅವನ್ನು ಗುಡಿಸಿ ಹಾಕಿದ್ದ. ಅವಳು ಏನೋ ಹೇಳಲು ಹೊರಟಾಗ ಅವನು ಕೇಳಿಸಿಕೊಳ್ಳದೆ ಹೊರನಡೆದಿದ್ದ.

ಹಡಗಿಗೆ ಇನ್ನೊಂದು ಆಸನವಿತ್ತು. ಅದು ಪೀರಸಾಬನದು. ಅವನು ತನ್ನ ಮೊಬೈಲಿನಿಂದಲೇ ಅದೇ ಹಡಗು ನಡೆಸಬಲ್ಲ. ಬಾಗಿಲು ಕಾದವನು ಅವನೇ, ಬೇರೆ ಯಾರೂ ಇರಲಾರರು. ಆದರೆ ಹಡಗು ಗುರಣ್ಣನ ಹೆಸರಿನಲ್ಲಿತ್ತು.

“ಏನ್ ಸರದಾರ್ರ, ಹೊರಗ್ಯಾಕ ನಿಂತೀರಿ?” ಪೀರಸಾಬ ಹೊಲಿಗೆ ಯಂತ್ರದ ಹಿಂದಿನಿಂದ ಕೂಗಿದ. “ಕುದುರಿ ಅಲ್ಲೇ ಕಟ್ಟಿ ಒಳಗ ಬರ್ರಿ.”

ಗುರಣ್ಣ ಒಳಗೆ ಬಂದ. ಕೂರಲಿಲ್ಲ.

“ಕಾಕಾ, ಸರದಾರ ನಾ ಅಲ್ಲ, ನೀವು. ಅವತ್ತು ನಾ ಓಡಿಹೋಗಿದ್ನಿ.”

ಯಂತ್ರ ನಿಂತಿತು. ಪೀರಸಾಬ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಒರೆಸುತ್ತಲೇ ಇದ್ದ.

“ಗುರಣ್ಣ, ನಾನೂ ಇರಲಿಲ್ಲೋ. ವೈರಿ ಬಂದದ್ದು ನೋಡಿ ಮೊಬೈಲ್ ಬಂದ್ ಮಾಡಿ ಇಟ್ಟುಬಿಟ್ನಿ. ಹುಡುಗ ಒಬ್ಬನ ಬಾಗಲಾ ಕಾಯ್ದಾನ ಅಂತ ತಿಳದು, ಐದು ದಿನದಿಂದ ನಿನಗ ಮಾರಿ ತೋರಸಾಕ ನಾಚಿಕಿ ನನಗ.”

“ಹಂಗಾರ ಯಾರು?”

“ಆಟದ ಯಂತ್ರ ತನ್ನಷ್ಟಕ ತಾನ ಆಡಿರಬೇಕು. ಹೋಗ, ಪದವಿ ತಗೋ. ನಂದು ಅನ್ನಾವ್ರು ಯಾರೂ ಇಲ್ಲಲ್ಲ.”

ಆ ಮಾತು ಗುರಣ್ಣನಿಗೆ ಹಿಡಿಸಿತು. ಮನೆ ಮುಟ್ಟುವುದರೊಳಗೆ ಅದು ನ್ಯಾಯವೆಂದೂ ಅನಿಸಿತು.

4.50ಕ್ಕೆ ಟ್ಯಾಬನ್ನು ಮೇಜಿನ ಮೇಲೆ ನಿಲ್ಲಿಸಿದ. ಸಾವಂತ್ರವ್ವ ಹೆಗಲಿಗೆ ಕರಿ ಕಂಬಳಿ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಸಂಸ್ಥಾನದ ಅರ್ಜಿಯಲ್ಲಿ ‘ಮನೆತನದ ಉದ್ಯೋಗ’ ಎಂಬಲ್ಲಿ ಗುರಣ್ಣ ‘ದ್ರಾಕ್ಷಿ ವ್ಯಾಪಾರ’ ಎಂದು ತುಂಬಿದ್ದ. ಅವನ ಮನೆತನದಲ್ಲಿ ಯಾರೂ ದ್ರಾಕ್ಷಿ ಮಾರಿರಲಿಲ್ಲ.

“ಒಳಗ ಕುಂದ್ರ ಬೇ. ದೊಡ್ಡ ಮಂದಿ ನೋಡತಾರ. ಮುಗಿಯೂತನಾ ಹೊರಗ ಬರಬ್ಯಾಡ.”

“ನಿನ್ನ ಹಡಗಿಂದೇನೋ ಯಪ್ಪಾ?”

“ನಿನಗ ತಿಳಿಯಂಗಿಲ್ಲ. ನಡಿ.”

ಅವಳು ಗೋಡೆ ಹಿಡಿದು ಎದ್ದು ಒಳಕೋಣೆಗೆ ಹೋದಳು. ಅವನು ಬಾಗಿಲು ಮುಚ್ಚಿ ಚಿಲಕ ಹಾಕಿದ.

ಐದು ಗಂಟೆಗೆ ಮೂರು ಸಾವಿರ ಜನ ನೋಡುತ್ತಿದ್ದರು. ಗುರಣ್ಣ ಮೊಣಕಾಲೂರಿದ. ಪರದೆಯಲ್ಲಿ ಕತ್ತಿಯೊಂದು ಅವನ ಎಡ ಭುಜ, ಬಲ ಭುಜ ಮುಟ್ಟಿತು. ‘ಇದು ನನ್ನ ಕೈಯಿಂದಾದ ಕೆಲಸ’ ಎಂದ. ದನಿ ಒಡೆಯಿತು. ನೋಡುತ್ತಿದ್ದವರು ಅದನ್ನು ವಿನಯ ಎಂದುಕೊಂಡರು. ಯಾರೋ ಈ ಕ್ರಮ ಕಲಿಸಿದವರು ಯಾರು ಎಂದು ಕೇಳಿದರು. “ಯಾರೂ ಇಲ್ಲ” ಎಂದ.

5.10ಕ್ಕೆ ಟ್ಯಾಬ್ ಮುಚ್ಚಿ ಚಿಲಕ ತೆಗೆದ. ಸಾವಂತ್ರವ್ವ ಮಂಚದ ಅಂಚಿನಲ್ಲಿ ಕೂತಿದ್ದಳು. ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದ್ದಳು.

“ಬೈಬ್ಯಾಡೋ ಯಪ್ಪಾ. ನಿನ್ನ ಹಡಗ ಸುಟ್ಟಾಕಿ ನಾನ. ಅವತ್ತು ನೀ ಒಗದು ಹೋದಿ. ಅವು ಬಾಗಲದಾಗ ಒಂದರ ಮ್ಯಾಲೊಂದು ಬೀಳಾಕತ್ತಿದ್ವು, ನೋಡಾಕ ಆಗಲಿಲ್ಲ. ಸಂಜಿಕೆ ಕುರಿ ಹಟ್ಟಿಗಿ ಬಿಟ್ಟಂಗ ಬಿಟ್ನಿ, ಮರಿ ಮೊದಲ. ಇಪ್ಪತ್ತಕ್ಕೊಂದು ದ್ರಾಕ್ಷಿ ಇಟ್ಟು ಎಣಿಸಿದ್ನಿ. ಹತ್ತು ದ್ರಾಕ್ಷಿ, ಮ್ಯಾಲ ಹನ್ನೊಂದು. ಹಿಂದ ಒಂದು ಕುಂಟತಿತ್ತು. ಅದನ್ನ ತರಾಕ ಹೋಗೂದ್ರಾಗ ನಿನ್ನ ದೀಪ ಆರಿತು. ಅದು ದಾಟಿತೇನೋ?”

ದಾಟಿತ್ತು.

5.40ಕ್ಕೆ ಗುರಣ್ಣ ತನ್ನ ಆಣೆ ಸುಳ್ಳೆಂದು ಸಂಸ್ಥಾನಕ್ಕೆ ಬರೆದ. ಆರು ಗಂಟೆಗೆ ಅವನ ಖಾತೆ ಮುಚ್ಚಿತು. ಮುಚ್ಚುವ ಮೊದಲು ಅವನು ಇನ್ನೊಬ್ಬರ ಹೆಸರಿನಲ್ಲಿ ಹೊಸ ಅರ್ಜಿ ತುಂಬಿ ಕಳಿಸಿದ್ದ. ಅದರಲ್ಲಿ ಮನೆತನದ ಉದ್ಯೋಗ: ಕುರಿ ಕಾಯುವುದು.