ಒಂಬತ್ತು ಚೌಕಗಳು

"ನಿಮ್ಮ ಹೆಸರು, ವಿಳಾಸ, ಆಮೇಲೆ ಆ ಸೋಶಿಯಲ್ ಸೆಕ್ಯುರಿಟಿ ನಂಬರ್, ಅಷ್ಟೇ ಮಿಸ್ ಲಿಂಡಾ," ಎನ್ನುತ್ತ ತಾಶಾ ಫಾರಂ ಚಾಚಿದಳು. ಮಗಳನ್ನು ನೋಡಿಕೊಳ್ಳಲು ಲಿಂಡಾಳಿಗೆ ಕೊಟ್ಟ ಹಣದಲ್ಲಿ ಒಂದಿಷ್ಟು ತಾಶಾಳ ತೆರಿಗೆಯಲ್ಲಿ ಕಡಿತವಾಗುತ್ತದಂತೆ. "ತಪ್ಪಾದ್ರೂ ಚಿಂತೆಯಿಲ್ಲ, ಎರಡು ತಂದಿದೀನಿ."

ಹೆಸರು, ವಿಳಾಸ ಬರೆದ ಲಿಂಡಾಳ ಪೆನ್ನು ಒಂಬತ್ತು ಖಾಲಿ ಚೌಕಗಳ ಮುಂದೆ ನಿಂತುಬಿಟ್ಟಿತು. ಕಾಗದಪತ್ರವಿಲ್ಲದೆ ಗಡಿ ದಾಟಿ ಹ್ಯೂಸ್ಟನ್ನಿಗೆ ಬಂದು ಹನ್ನೊಂದು ವರ್ಷವಾದರೂ ಸರ್ಕಾರ ಕೊಡುವ ಆ ನಂಬರ್ ಅವಳಿಗಿರಲಿಲ್ಲ. ಇಲ್ಲವೆಂದರೆ ಯಾಕೆಂದು ಕೇಳುತ್ತಾಳೆ; ಸುಳ್ಳು ಬರೆದರೆ ಕಾಗದ ಸೀದಾ ಸರ್ಕಾರದ ಕೈಗೆ. ಕಳೆದ ವಾರ ಪಕ್ಕದ ಮನೆಯವನನ್ನು ಎತ್ತಿಹಾಕಿಕೊಂಡು ಹೋದ ವಲಸೆ ಪೊಲೀಸರ ವ್ಯಾನು ಕಣ್ಣಿಗೆ ಕಟ್ಟಿತು.

"ನಂಗೆ ಬರುತ್ತೆ!" ತೊಡೆಯೇರಿದ ನಾಲ್ಕು ವರ್ಷದ ಜನೆಲ್ ಪೆನ್ನು ಕಿತ್ತುಕೊಂಡು, ಲಿಂಡಾಳೇ ಕಲಿಸಿದ ಅಂಕಿಗಳನ್ನು ಚೌಕಕ್ಕೊಂದರಂತೆ ಗೀಚಿದಳು, ಒಂದರಿಂದ ಒಂಬತ್ತರವರೆಗೆ.

ಗದರಲು ಬಾಯ್ತೆರೆದ ತಾಶಾ ಲಿಂಡಾಳ ಬಿಳಿಚಿದ ಮುಖ ನೋಡಿದಳು. ಇನ್ನೊಂದು ಪ್ರತಿಯನ್ನು ಮೆಲ್ಲಗೆ ಮಡಚಿ ಜೇಬಿಗೆ ತುರುಕಿದಳು.

"ಹಾಳು ಮಾಡಿದ್ಯಲ್ಲೇ ತರ್ಲೆ," ಎಂದು ಮಗಳ ಕಿವಿ ಹಿಂಡಿದಳು. "ಇದ್ದಿದ್ದೇ ಒಂದು ಫಾರಂ."