ನಂಬರ್ ಇಲ್ಲದ ಸಾಲು

ಮುಟ್ಟಿದ ಕೈಗೆಲ್ಲ ಅರಿಶಿನದಂಥ ಹಳದಿಗಂದು ಪುಡಿ ಹತ್ತಿತು. ರಾಚವ್ವ ಬೆರಳುಗಳನ್ನೇ ನೋಡುತ್ತ ನಿಂತಳು. ಸೆರಗಿಗೆ ಒರೆಸಿಕೊಳ್ಳಲು ಮನಸ್ಸಾಗಲಿಲ್ಲ. ಮನೋಳಿ ಊರಿನ ಅವಳ ಗಂಡನ ಮನೆಯ ಹೊಲದಲ್ಲಿ ಕೃಷಿ ಕೇಂದ್ರದವರು ಪ್ರಯೋಗಕ್ಕೆಂದು ಬಿತ್ತಿದ ಗೋಧಿ ಬಹುಪಾಲು ಹಸಿರಾಗಿಯೇ ಇತ್ತು. ಅದರ ಸುತ್ತ ಹಾಕಿದ್ದ ಅವಳ ತವರಿನ ಗೋಧಿ ಮಾತ್ರ ಬುಡದಿಂದ ತೆನೆಯವರೆಗೆ ಭಂಡಾರ, ಅಂದರೆ ತುಕ್ಕು ರೋಗ ಹತ್ತಿ, ಹೊತ್ತಿಗೆ ಮುಂಚೆ ಒಣಗಿತ್ತು.

“ನೋಡ, ನಿಮ್ಮವ್ವನ ಗೋದಿ ಎಲ್ಲಮ್ಮನ ಗುಡ್ಡಕ್ಕ ಹೋಗಿ ಬಂದೈತಿ,” ಎಂದು ಗಂಡ ಮಡಿವಾಳೆಪ್ಪ ನಕ್ಕ. “ಮೈತುಂಬ ಅರಿಶಿನ ಭಂಡಾರ ಬಡಕೊಂಡೈತಿ.”

ರಾಚವ್ವ ನಗಲಿಲ್ಲ. ಕೇಂದ್ರದಿಂದ ಬಂದಿದ್ದ ಐಶ್ವರ್ಯಾ ಸಾಲಿನಿಂದ ಸಾಲಿಗೆ ದಾಟುತ್ತ, ಎಲೆ ತಿರುವಿ ನೋಡಿ, ಹೊಸ ತಳಿಗಳ ನಂಬರ್ ಬರೆದುಕೊಳ್ಳುತ್ತಿದ್ದಳು.

“ಹದಿನಾಲ್ಕಕ್ಕ ಒಂದು ಚುಕ್ಕಿನೂ ಇಲ್ಲ. ಇದು ಗೆದ್ದಂಗ ನೋಡ್ರಿ, ಅಕ್ಕಾರ.”

“ಈ ಸುತ್ತಿನ ಸಾಲಿನ ನಂಬರ್ ಎಷ್ಟರಿ, ಮೇಡಮ್ಮಾರ?”

ಐಶ್ವರ್ಯಾಳ ಪೆನ್ನು ನಿಂತಿತು. “ಅದಕ್ಕ ನಂಬರ್ ಇರೂದಿಲ್ರಿ. ಅದು ರೋಗ ಹಬ್ಸಾಕ ಹಾಕಿದ್ದು. ಅದರಿಂದ ಹಾರಿ ಬಂದ ರೋಗ ಯಾವ ತಳಿ ತಡಕೋತೈತಿ ಅಂತ ನೋಡಬೇಕಲ್ರಿ. ಬೀಜ ಇಸ್ಕೊಳ್ಳೂ ಮುಂದ ಹೇಳಿದ್ನೆಲ್ರಿ, ಇದಕ್ಕ ಲಗೂನ ರೋಗ ಬರತೈತಿ, ನಮಗ ಉಪಯೋಗ ಆಗತೈತಿ ಅಂತ.”

ಹೇಳಿದ್ದು ಖರೆ. ಉಪಯೋಗ ಎಂಬುದೊಂದನ್ನೇ ರಾಚವ್ವ ಕಿವಿಗೆ ಹಾಕಿಕೊಂಡಿದ್ದಳು.

ಲಗ್ನವಾಗಿ ಬರುವಾಗ ಅವ್ವ ಉಡಿಯಲ್ಲಿ ಕಟ್ಟಿಕೊಟ್ಟ ಬೀಜ ಅದು. ಮೂವತ್ತು ವರ್ಷ, ಬದುವಿನ ಪಕ್ಕ ಎರಡು ಸಾಲಾದರೂ ಬಿತ್ತಿ, ರೋಗ ಬಂದ ವರ್ಷ ಕೈಗೆ ಸಿಕ್ಕಷ್ಟನ್ನೇ ಬೂದಿ ಹಚ್ಚಿ ಎತ್ತಿಟ್ಟು, ಕಾಪಾಡಿಕೊಂಡು ಬಂದಿದ್ದಳು. ಈ ಮನೆಯಲ್ಲಿ ತನ್ನದು ಎನ್ನಲು ಇದ್ದದ್ದು ಅದೊಂದೇ. ಯಾರಿಗೆ ಕಾಳು ಕೊಟ್ಟರೂ ಒಂದು ಹಿಡಿ ಮರಳಿ ಗಡಿಗೆಗೆ ಹಾಕಿಕೊಳ್ಳುವುದು ಹೆಂಗಸರ ರೂಢಿ. ಅವತ್ತು, ಓದಿದವರು ತನ್ನದನ್ನು ಕೇಳಿದರೆಂಬ ಹಿಗ್ಗಿನಲ್ಲಿ, ಗಡಿಗೆಯನ್ನೇ ಬೋರಲು ಹಾಕಿಬಿಟ್ಟಿದ್ದಳು.

“ಒಂದ್ ಹಿಡಿಯರ ಉಳದೈತೇನ್ರಿ?”

“ಇಲ್ರಿ ಅಕ್ಕಾರ. ಸುತ್ತ ಹಾಕೂದ್ರಾಗ ಮುಗೀತು.” ಐಶ್ವರ್ಯಾಳ ದನಿ ಇಳಿಯಿತು. “ಈ ರೋಗ ಕಾಳಿನ ಕೂಡ ಮುಂದಿನ ಬೆಳಿಗೆ ಹೋಗೂದಿಲ್ರಿ. ಬೇಕಾದ್ರ ತೆನಿ ತಗೋರಿ. ಆದರ ಬರೇ ಜೊಳ್ಳು ಆಗ್ಯಾವು.”

“ಹದಿನಾಲ್ಕರ ಬೀಜ ಬಂದ ಮ್ಯಾಲ ಇದನ್ನ ತಗೊಂಡು ಏನ್ ಮಾಡ್ತಿ?” ಎಂದ ಮಡಿವಾಳೆಪ್ಪ.

ರಾಚವ್ವ ಬದುವಿನ ಮೇಲೆ ಕುಳಿತಳು. ಒಂದು ತೆನೆ ಮುರಿದು ಅಂಗೈಯಲ್ಲಿ ತಿಕ್ಕಿ, ಎಂದಿನಂತೆ ಉಫ್ ಎಂದು ಊದಿದಳು. ಹೊಟ್ಟಿನ ಜೊತೆ ಕಾಳೂ ಹಾರಿಹೋದವು.

ಬರಿದಾದ ಅಂಗೈಯನ್ನು ಕ್ಷಣ ನೋಡಿದಳು. ಮತ್ತೊಂದು ತೆನೆ ಮುರಿದು ತಿಕ್ಕಿದಳು. ಈ ಸಲ ಉಸಿರು ಬಿಗಿಹಿಡಿದು, ಹೊಟ್ಟನ್ನು ಉಗುರಿನಿಂದ ಒಂದೊಂದಾಗಿ ಎತ್ತಿಹಾಕತೊಡಗಿದಳು.